ಡೈರಿ ಫಾರ್ಮ್ ಕೊಳೆ ನೀರು: ಸಾರಜನಕ, ರಂಜಕ ನಿಜವಾಗ್ಲೂ ಕಮ್ಮಿ ಮಾಡೋದು ಹೇಗೆ, ಯಾವ ಕ್ರಮದಲ್ಲಿ

ಹೊಂಡ ತೋಡಿಸಿದ್ದಾಯ್ತು, ನೀರು ತಿಳಿಯಾಗಿ ಕಾಣ್ತಿದೆ, ವಾಸನೆನೂ ಕಮ್ಮಿ ಆಗಿದೆ, ಆದ್ರೆ ಲ್ಯಾಬ್ ರಿಪೋರ್ಟ್ ತೆಗೆದು ನೋಡಿದ್ರೆ ಅಮೋನಿಯಾ (ಸಾರಜನಕದ ಒಂದು ರೂಪ), ಫಾಸ್ಫರಸ್ (ಅಂದ್ರೆ ರಂಜಕ) ಎರಡೂ ಹಂಗೇ ಕೂತಿದೆ. ಇದೇ ಕಥೆ ಎಷ್ಟು ಜನರಿಂದ ಕೇಳಿದೀನಿ ಅಂದ್ರೆ ಈಗ ಫೋಟೋ ನೋಡೋಕೆ ಮುಂಚೆನೇ ಎಲ್ಲಿ ತಪ್ಪಾಗಿದೆ ಅಂತ ಅಂದಾಜು ಸಿಗತ್ತೆ. ಹೆಚ್ಚಿನವ್ರು ಸರಿಯಾದ ಕೆಲಸನೇ ಮಾಡಿರ್ತಾರೆ, ಹಿಂದೆಮುಂದೆ ಮಾಡಿರ್ತಾರೆ ಅಷ್ಟೆ. ಅದಕ್ಕೆ ಇಲ್ಲಿ ಕ್ರಮದ ಬಗ್ಗೆನೇ ಜಾಸ್ತಿ ಹೇಳ್ತೀನಿ.

## ಶುರು ಮಾಡೋಕೆ ಮುಂಚೆ ಈ ಲೆಕ್ಕ ತಲೇಲಿರ್ಲಿ

ನೀರಿನಲ್ಲಿರೋ ಸಾರಜನಕಕ್ಕೆ ಹೊರಗೆ ಹೋಗೋಕೆ ದಾರಿ ಮೂರು. ಬೆಳೆ ಹೀರ್ಕೊಳ್ಳೋದು ಒಂದು, ಬ್ಯಾಕ್ಟೀರಿಯಾ ಅದನ್ನ ನೈಟ್ರೋಜನ್ ಗ್ಯಾಸ್ ಮಾಡಿ ಗಾಳಿಗೆ ಬಿಡೋದು ಇನ್ನೊಂದು. ಮೂರನೇದು ಅಮೋನಿಯಾ ಆಗಿ ಆವಿ ಆಗೋದು, ಇದು ಶುದ್ಧೀಕರಣ ಅಲ್ಲ, ಸುತ್ತಮುತ್ತ ಎಲ್ಲೋ ಮಳೆ ಜೊತೆ ವಾಪಸ್ ಬೀಳತ್ತೆ.

ರಂಜಕಕ್ಕೆ ಆವಿ ಆಗೋ ದಾರಿನೇ ಇಲ್ಲ. ಅದು ಒಂದೋ ತಳದ ಹೂಳಲ್ಲಿ ಕೂರ್ಬೇಕು ಇಲ್ಲಾ ಬೆಳೆ ಒಳಗೆ ಹೋಗ್ಬೇಕು. ಯಾವ ಟ್ಯಾಂಕ್ ಕಟ್ಟಿದ್ರೂ, ಯಾರು ಯಾವ ಮಷೀನ್ ಮಾರೋಕೆ ಬಂದ್ರೂ ಒಂದೇ ಪ್ರಶ್ನೆ ಕೇಳಿ: ಇದ್ರಿಂದ ರಂಜಕ ಎಲ್ಲಿಗೆ ಹೋಗತ್ತೆ? ಉತ್ತರ ಬರ್ಲಿಲ್ಲ ಅಂದ್ರೆ ಅದು ನೀರಲ್ಲೇ ಇದೆ ಅಂತ ಅರ್ಥ.

## ಬೇಕಾಗೋ ಸಾಮಾನು

20 ಲೀಟರ್ ಬಕೆಟ್, ಮೊಬೈಲಲ್ಲಿರೋ ಸ್ಟಾಪ್‌ವಾಚ್, ಪಿಎಚ್ ಮೀಟರ್ (ಸ್ಟ್ರಿಪ್ ಆದ್ರೂ ನಡೆಯತ್ತೆ, ಬಣ್ಣದ ನೀರಲ್ಲಿ ಓದೋದು ಕಷ್ಟ), ಇಸಿ ಮೀಟರ್ (ನೀರಲ್ಲಿ ಉಪ್ಪಿನಂಶ ಎಷ್ಟಿದೆ ಅಂತ ತೋರ್ಸತ್ತೆ), ಅಮೋನಿಯಾ ಮತ್ತೆ ನೈಟ್ರೇಟ್ (ಇದೂ ಸಾರಜನಕದ ಇನ್ನೊಂದು ರೂಪ) ಟೆಸ್ಟ್ ಕಿಟ್, 1 ಲೀಟರಿನ ಪಾರದರ್ಶಕ ಬಾಟಲಿ ಆರು, ಉದ್ದನೆ ಕೋಲು, ಗ್ಲೌಸ್, ಕನ್ನಡಕ. ಗಾಳಿ ಹಾಕೋ ಟ್ಯಾಂಕ್ ಇದ್ರೆ ಕರಗಿರೋ ಆಕ್ಸಿಜನ್ ಅಳೆಯೋ ಮೀಟರೂ ಬೇಕು. ಪಂಪಿಗೆ ದುಡ್ಡು ಹಾಕೋಕೆ ಮುಂಚೆ ಇವಕ್ಕೆ ಹಾಕಿ.

## ಜೀವ ಹೋಗೋ ವಿಷಯ ಮೊದ್ಲೇ ಹೇಳ್ಬಿಡ್ತೀನಿ

ಮುಚ್ಚಿದ ಬಗ್ಗಡದ (ಸಗಣಿ, ಗಂಜಲ, ನೀರು ಸೇರಿದ ರಾಡಿ) ಗುಂಡಿ ಒಳಗೆ ಯಾವ ಕಾರಣಕ್ಕೂ ಇಳೀಬೇಡಿ, ಸ್ಪಾನರ್ ಬಿದ್ರೂ ಸರಿ, ಕರು ಬಿದ್ರೂ ಸರಿ. ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ, ತಳದಲ್ಲಿ ತುಂಬ್ಕೊಂಡಿರತ್ತೆ, ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆ ವಾಸನೆ ಬರತ್ತೆ, ಆದ್ರೆ ಸುಮಾರು 100 ಪಿಪಿಎಂ (ಗಾಳಿಯ 10 ಲಕ್ಷ ಪಾಲಲ್ಲಿ 100 ಪಾಲು) ದಾಟಿದ್ರೆ ಮೂಗೇ ಸತ್ತೋಗಿ ವಾಸನೆ ಗೊತ್ತಾಗಲ್ಲ. ಬಗ್ಗಡ ಕಲಕೋಕೆ ಶುರು ಮಾಡಿದ ಮೊದಲ ನಿಮಿಷಗಳಲ್ಲೇ ಗ್ಯಾಸ್ ಜೋರಾಗಿ ಏಳತ್ತೆ, ಆಗ ಜನ, ದನ ಎರಡೂ ದೂರ ಇರ್ಬೇಕು. ಒಬ್ಬ ಬಿದ್ದ ಅಂತ ಇನ್ನೊಬ್ಬ ಇಳಿದು ಇಬ್ರೂ ಹೋಗೋದು ಈ ಗುಂಡಿಗಳಲ್ಲಿ ಮಾಮೂಲಿ ಆಗಿಹೋಗಿದೆ.

ಇನ್ನೊಂದು ಹಾಲು ಕರೆಯೋ ಮಷೀನ್ ತೊಳೆಯೋ ಆಸಿಡ್ ಮತ್ತೆ ಕ್ಲೋರಿನ್ ಬ್ಲೀಚ್, ಎರಡನ್ನ ಒಂದೇ ಬಕೆಟಲ್ಲಿ ಸೇರಿಸಿದ್ರೆ ಕ್ಲೋರಿನ್ ಗ್ಯಾಸ್ ಬರತ್ತೆ. ಎರಡಕ್ಕೂ ಬೇರೆ ಬೇರೆ ಬಕೆಟ್ ಇಡಿ.

## ಹಂತ 1: ಎಷ್ಟು ನೀರು, ಅದ್ರಲ್ಲಿ ಏನಿದೆ

ಚರಂಡಿ ಬಾಯಿಗೆ ಬಕೆಟ್ ಹಿಡಿದು ತುಂಬೋಕೆ ಎಷ್ಟು ಸೆಕೆಂಡ್ ಅಂತ ನೋಡಿ. ಬೆಳಿಗ್ಗೆ ತೊಳೆಯುವಾಗ, ಮಧ್ಯಾಹ್ನ, ಸಂಜೆ, ಹೀಗೆ ಒಂದು ವಾರ ಬರೆದಿಡಿ. ಒಂದೇ ದಿನ ಅಳೆದ್ರೆ ಮೋಸ ಹೋಗ್ತೀರ.

ಆಮೇಲೆ ಸ್ಯಾಂಪಲ್. ಒಂದು ಸಲ ಬಾಟಲಿ ಅದ್ದಿ ತೆಗೆದ್ರೆ ಆ ಕ್ಷಣದ ನೀರು ಮಾತ್ರ ಸಿಗತ್ತೆ, ಅದಕ್ಕೆ ದಿನವಿಡೀ ಹೊತ್ತುಹೊತ್ತಿಗೆ ಒಂದೊಂದು ಲೋಟ ತೆಗೆದು ಮುಚ್ಚಳದ ಕ್ಯಾನಲ್ಲಿ ಸೇರಿಸಿ, ಚೆನ್ನಾಗಿ ಕಲಕಿ 1 ಲೀಟರ್ ತುಂಬಿ, ಐಸ್ ಬಾಕ್ಸಲ್ಲಿಟ್ಟು ಅವತ್ತೇ ಲ್ಯಾಬಿಗೆ ಕೊಡಿ. ಕೇಳ್ಬೇಕಾದ ಟೆಸ್ಟ್ ಇವು: ಒಟ್ಟು ಸಾರಜನಕ, ಅಮೋನಿಯಾ, ನೈಟ್ರೇಟ್, ಒಟ್ಟು ರಂಜಕ, ಕರಗಿರೋ ರಂಜಕ, ಬಿಒಡಿ (ನೀರಲ್ಲಿರೋ ಕೊಳೆ ಕರಗಿಸೋಕೆ ಬ್ಯಾಕ್ಟೀರಿಯಾಗೆ ಬೇಕಾಗೋ ಆಕ್ಸಿಜನ್), ತೇಲೋ ಘನಪದಾರ್ಥ, ಕ್ಷಾರತೆ (ಆಸಿಡ್ ಬಂದ್ರೂ ಪಿಎಚ್ ಬೀಳದ ಹಾಗೆ ತಡ್ಕೊಳ್ಳೋ ಶಕ್ತಿ), ಇಸಿ. ಬರೀ ಬಿಒಡಿ, ಪಿಎಚ್ ಮಾಡಿಸಿ ಬರೋರು ಬಹಳ ಜನ, ಅದ್ರಲ್ಲಿ ಪೋಷಕಾಂಶದ ಸುದ್ದಿನೇ ಇರಲ್ಲ.

ಲೆಕ್ಕ ಸುಲಭ. ಲೀಟರನ್ನ ಮಿಲಿಗ್ರಾಂಗೆ ಗುಣಿಸಿ 10 ಲಕ್ಷದಿಂದ ಭಾಗಿಸಿದ್ರೆ ಕೆಜಿ. ದಿನಕ್ಕೆ 10,000 ಲೀಟರ್ ನೀರು, ಲೀಟರಿಗೆ 500 ಮಿಲಿಗ್ರಾಂ ಸಾರಜನಕ, 100 ಮಿಲಿಗ್ರಾಂ ರಂಜಕ ಅಂತ ಇಟ್ಕೊಳ್ಳಿ, ಆಗ ದಿನಕ್ಕೆ 5 ಕೆಜಿ ಸಾರಜನಕ, 1 ಕೆಜಿ ರಂಜಕ. ಈ ಉದಾಹರಣೆನೇ ಕೊನೇವರೆಗೂ ಬಳಸ್ತೀನಿ, ನಿಮ್ಮ ನಂಬರ್ ಹಾಕಿ ನೋಡ್ಕೊಳ್ಳಿ.

## ಹಂತ 2: ಹುಟ್ಟೋ ಜಾಗದಲ್ಲೇ ತಡೀರಿ

ಇದು ಬೋರಿಂಗ್ ಕೆಲಸ, ಎಲ್ಲರೂ ಹಾರಿಸ್ತಾರೆ, ಆದ್ರೆ ಮುಂದಿನ ಎಲ್ಲಾ ಟ್ಯಾಂಕಿನ ಸೈಜು ಇಲ್ಲೇ ತೀರ್ಮಾನ ಆಗೋದು.

ಮೊದಲು ಒಣ ಗುಡಿಸಿ, ಆಮೇಲೆ ನೀರು ಹಾಕಿ. ಹಸು ತನ್ನ ತೂಕದ ಸುಮಾರು 8 ಪರ್ಸೆಂಟಿನಷ್ಟು ಸಗಣಿ-ಗಂಜಲ ದಿನಾ ಹಾಕತ್ತೆ, 500 ಕೆಜಿ ಹಸು ಅಂದ್ರೆ 40 ಕೆಜಿ. ಅದನ್ನ ಸಲಿಕೆ ಇಲ್ಲಾ ಸ್ಕ್ರೇಪರಲ್ಲಿ ಎಳೆದು ಒಣಗಿದ್ದಂಗೇ ಗೊಬ್ಬರದ ಗುಂಡಿಗೆ ಹಾಕಿದ್ರೆ ರಂಜಕದ ದೊಡ್ಡ ಪಾಲು ನೀರಿಗೆ ಬರೋದೇ ಇಲ್ಲ, ಯಾಕಂದ್ರೆ ಹಸು ಹೊರಗೆ ಹಾಕೋ ರಂಜಕ ಹೆಚ್ಚಾಗಿ ಸಗಣಿಯಲ್ಲೇ ಇರೋದು. ಪೈಪ್ ಹಿಡಿದು ಎಲ್ಲಾ ಚರಂಡಿಗೆ ತಳ್ಳಿ, ಆಮೇಲೆ ಲಕ್ಷಗಟ್ಟಲೆ ಖರ್ಚು ಮಾಡಿ ಅದೇ ಸಗಣಿನ ನೀರಿಂದ ತೆಗೆಯೋದು, ಏನ್ ಹೇಳೋದು ಇದಕ್ಕೆ.

ಮಳೆ ನೀರು ಬೇರೆ ಮಾಡಿ. 1 ಚದರ ಮೀಟರ್ ಮೇಲೆ 1 ಮಿಮೀ ಮಳೆ ಅಂದ್ರೆ 1 ಲೀಟರ್, ಹಂಗಾಗಿ 500 ಚದರ ಮೀಟರ್ ಚಾವಣಿ ಮೇಲೆ 50 ಮಿಮೀ ಮಳೆ ಬಿದ್ರೆ 25,000 ಲೀಟರ್ ಒಳ್ಳೇ ನೀರು ಕೊಳೆ ಹೊಂಡಕ್ಕೆ ಹೋಗಿ ಕೊಳೆ ಆಗತ್ತೆ. ಚಾವಣಿ ಅಂಚಿಗೆ ದೋಣಿ ಕಟ್ಟಿಸಿ ಹೊರಗೆ ಹರಿಸಿ.

ಹಾಲು ಚರಂಡಿಗೆ ಬಿಡ್ಲೇಬೇಡಿ. ಹಾಲಿನ ಬಿಒಡಿ ಲೀಟರಿಗೆ ಸುಮಾರು 1 ಲಕ್ಷ ಮಿಲಿಗ್ರಾಂ, ಮನೆ ಬಚ್ಚಲು-ಕಕ್ಕಸಿನ ಕೊಳಚೆದು 200-300 ಅಷ್ಟೆ. ಕೆಟ್ಟ ಹಾಲು, ಮಾರೋಕೆ ಬಾರದ ಗಿಣ್ಣು ಹಾಲು ಬೇರೆ ಕ್ಯಾನಲ್ಲಿ ಹಿಡೀರಿ. ಆಂಟಿಬಯೋಟಿಕ್ ಕೊಟ್ಟ ಹಸುವಿನ ಹಾಲು, ಗೊರಸು ಅದ್ದೋ ಮೈಲುತುತ್ತದ ನೀರು ಇವೆರಡೂ ಹೊಂಡದ ಬ್ಯಾಕ್ಟೀರಿಯಾ ಕೊಲ್ಲತ್ತೆ, ತಾಮ್ರ ಅಂತೂ ಮಣ್ಣಲ್ಲಿ ವರ್ಷವರ್ಷ ಸೇರ್ತಾನೇ ಹೋಗತ್ತೆ.

ಮೇವು ಕೂಡ ಇದ್ರಲ್ಲೇ ಬರತ್ತೆ. ಹಸುವಿಗೆ ಬೇಕಾದ್ದಕ್ಕಿಂತ ಜಾಸ್ತಿ ಪ್ರೋಟೀನ್ ತಿನ್ನಿಸಿದ್ರೆ ಅದು ಗಂಜಲದಲ್ಲಿ ಯೂರಿಯಾ ಆಗಿ ಬರತ್ತೆ, ಜಾಸ್ತಿ ಮಿನರಲ್ ಮಿಕ್ಸ್ ಹಾಕಿದ್ರೆ ರಂಜಕ ಸಗಣಿಯಲ್ಲಿ ಸೀದಾ ಆಚೆ ಬರತ್ತೆ. ಹಾಲು ಕೊಡೋ ಹಸುವಿನ ಒಣ ಆಹಾರದಲ್ಲಿ ರಂಜಕ ಸುಮಾರು 0.35 ಪರ್ಸೆಂಟ್ ಇದ್ರೆ ಸಾಮಾನ್ಯವಾಗಿ ಸಾಕು. ಹಾಲಿನ ಯೂರಿಯಾ ಟೆಸ್ಟ್ ಸತತವಾಗಿ ಜಾಸ್ತಿ ಬರ್ತಿದ್ರೆ ಡಾಕ್ಟರನ್ನ ಕೇಳಿ ಹಿಂಡಿ ಕಮ್ಮಿ ಮಾಡಿ. ಕೇಳ್ದೆ ಮಾಡ್ಬೇಡಿ.

## ಹಂತ 3: ಗಟ್ಟಿ ಬೇರೆ, ನೀರು ಬೇರೆ

ಕ್ರಮ ಹೀಗಿರ್ಲಿ: ಮೊದ್ಲು ಮರಳು-ಕಲ್ಲು ಹಿಡಿಯೋ ತೊಟ್ಟಿ, ಆಮೇಲೆ ಜಾಲರಿ ಇಲ್ಲಾ ಸ್ಕ್ರೂ ಪ್ರೆಸ್ (ಬಗ್ಗಡನ ಹಿಂಡಿ ಗಟ್ಟಿ, ನೀರು ಬೇರೆ ಮಾಡೋ ಮಷೀನ್), ಆಮೇಲೆ ಗಸಿ ಇಳಿಯೋ ತೊಟ್ಟಿ. ಹಸು ಮಲಗೋಕೆ ಮರಳು ಹಾಸೋರು ಮರಳಿನ ತೊಟ್ಟಿ ಬಿಟ್ರೆ ಪಂಪ್ ಇಂಪೆಲ್ಲರ್ (ಒಳಗೆ ತಿರುಗೋ ರೆಕ್ಕೆ ಚಕ್ರ) ಕೆಲವೇ ತಿಂಗಳಲ್ಲಿ ಸವೆದು ಹೋಗತ್ತೆ.

ಗಸಿ ತೊಟ್ಟಿ ಅಗಲವಾಗಿ, ಆಳ ಕಮ್ಮಿ ಇರ್ಲಿ, ನೀರು ಕನಿಷ್ಠ 30 ನಿಮಿಷ ಅಲ್ಲಿ ನಿಲ್ಬೇಕು. ಎರಡು ತೊಟ್ಟಿ ಅಕ್ಕಪಕ್ಕ ಕಟ್ಟಿ, ಒಂದು ತುಂಬ್ತಿದ್ರೆ ಇನ್ನೊಂದು ಒಣಗ್ತಿರ್ಲಿ. ಒಂದೇ ಕಟ್ಟಿದ್ರೆ ಕ್ಲೀನ್ ಮಾಡೋ ದಿನ ನೀರು ಎಲ್ಲಿಗೆ ಬಿಡ್ತೀರ?

ಇಲ್ಲಿ ದೊಡ್ಡ ತಪ್ಪು ತಿಳುವಳಿಕೆ ಒಂದಿದೆ. ಸ್ಕ್ರೂ ಪ್ರೆಸ್ಸಿಂದ ನಾರು ನಾರಾಗಿ ಒಣ ಸಗಣಿ ಬೀಳೋದು ನೋಡೋಕೆ ಚೆಂದ, ಮುಷ್ಟೀಲಿ ಹಿಡಿದು ಹಿಂಡಿದ್ರೂ ನೀರು ಬರಲ್ಲ, ಎಲ್ಲಾ ಮುಗೀತು ಅನ್ಸತ್ತೆ. ಆದ್ರೆ ರಂಜಕ ಅಂಟ್ಕೊಂಡಿರೋದು ಹೆಚ್ಚಾಗಿ ಸಣ್ಣ ಸಣ್ಣ ಕಣಕ್ಕೆ, ಅದು ಜಾಲರಿ ತೂತಲ್ಲಿ ನುಸುಳಿ ಕಂದು ನೀರಿನ ಜೊತೆ ಮುಂದೆ ಹೋಗಿರತ್ತೆ. ಕರಗಿರೋ ಅಮೋನಿಯಾ ಅಂತೂ ಯಾವ ಜಾಲರಿಗೂ ಸಿಗಲ್ಲ. ಈ ಹಂತದ ಕೆಲಸ ಮುಂದಿನ ಹೊಂಡ ಹೂಳು ತುಂಬದ ಹಾಗೆ ನೋಡ್ಕೊಳ್ಳೋದು, ಅಷ್ಟೇ ನಿರೀಕ್ಷೆ ಇಟ್ಕೊಳ್ಳಿ.

## ಹಂತ 4: ಗಾಳಿ ಇಲ್ಲದ ಹೊಂಡ, ಇಲ್ಲಾ ಬಯೋಗ್ಯಾಸ್

ಬಯೋಗ್ಯಾಸ್ ಪ್ಲಾಂಟ್ ಬಿಒಡಿ ಇಳಿಸತ್ತೆ, ವಾಸನೆ ಇಳಿಸತ್ತೆ, ಉರಿಸೋಕೆ ಗ್ಯಾಸ್ ಕೊಡತ್ತೆ, ಆದ್ರೆ ಸಾರಜನಕ, ರಂಜಕ ಇಳಿಸಲ್ಲ. ಒಳಗೆ ಎಷ್ಟು ಹೋಯ್ತೋ ಅಷ್ಟೇ ಹೊರಗೆ ಬರತ್ತೆ, ಸಾವಯವ ರೂಪದಲ್ಲಿದ್ದ ಸಾರಜನಕ ಅಮೋನಿಯಾ ಆಗಿ ಬದಲಾಗಿರೋದ್ರಿಂದ ರಿಪೋರ್ಟಲ್ಲಿ ಅಮೋನಿಯಾ ಮುಂಚೆಗಿಂತ ಜಾಸ್ತಿನೇ ಕಾಣಬಹುದು. ಪ್ಲಾಂಟ್ ಕೆಟ್ಟಿದೆ ಅಂತ ಗಾಬರಿ ಬೀಳ್ಬೇಡಿ, ಅದು ಇರೋದೇ ಹಾಗೆ.

ತೆರೆದ ಹೊಂಡ ಆದ್ರೆ ಆಳ ಕನಿಷ್ಠ 2.5 ಮೀಟರ್ ಇರ್ಲಿ, ತಳ ಮತ್ತೆ ಬದಿಗೆ ಗಟ್ಟಿ ಜೇಡಿ ದಮ್ಮಸ್ ಮಾಡಿಸಿ ಇಲ್ಲಾ 1.5 ಮಿಮೀ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಶೀಟ್ ಹಾಕ್ಸಿ. ಮಣ್ಣು ತೋಡಿ ಹಂಗೇ ಬಿಟ್ರೆ ನೈಟ್ರೇಟ್ ಬಾವಿ ದಾರಿ ಹಿಡಿಯತ್ತೆ. ಮೇಲೆ ಯಾವಾಗ್ಲೂ ಕನಿಷ್ಠ 30 ಸೆಂಮೀ ಖಾಲಿ, ಅದ್ರ ಮೇಲೆ ದೊಡ್ಡ ಮಳೆ ನೀರು ಹಿಡಿಯೋ ಜಾಗ ಬೇರೆ. ಸುತ್ತ ಬೇಲಿ.

ಶುರು ಮಾಡುವಾಗ ಖಾಲಿ ಹೊಂಡಕ್ಕೆ ಸೀದಾ ಬಗ್ಗಡ ಬಿಡ್ಬೇಡಿ. ಮೂರರಲ್ಲೊಂದು ಭಾಗದಿಂದ ಅರ್ಧದವರೆಗೆ ಒಳ್ಳೇ ನೀರು ತುಂಬಿ, ಬೆಚ್ಚಗಿರೋ ಕಾಲದಲ್ಲಿ ಸ್ವಲ್ಪ ಸ್ವಲ್ಪವಾಗಿ ಶುರು ಮಾಡಿ. ಒಂದೇ ಸಲ ಸುರಿದ್ರೆ ಆಸಿಡ್ ಮಾಡೋ ಬ್ಯಾಕ್ಟೀರಿಯಾ ಮುಂದೆ ಓಡತ್ತೆ, ಮೀಥೇನ್ ಮಾಡೋವು ಹಿಂದೆ ಬೀಳತ್ತೆ, ಹೊಂಡ ಹುಳಿ ಆಗಿ ತಿಂಗಳುಗಟ್ಟಲೆ ನಾರತ್ತೆ. ಪಿಎಚ್ 6.8ರಿಂದ 7.4 ಒಳಗಿದ್ರೆ ಆರಾಮ. ನೀರಿನ ತಾಪ 15 ಡಿಗ್ರಿಗಿಂತ ಕೆಳಗೆ ಹೋದ್ರೆ ಕೆಲಸ ತುಂಬಾ ನಿಧಾನ.

## ಇಲ್ಲಿ ನಿಂತು ಯೋಚ್ನೆ ಮಾಡಿ

ನಿಮಗೆ ಸಾಕಷ್ಟು ಹೊಲ ಇದ್ರೆ 5, 6, 7 ಮೂರೂ ಬಿಟ್ಟು ಸೀದಾ ಹಂತ 8ಕ್ಕೆ ಹೋಗಿ. ಸಾರಜನಕನ ಕರೆಂಟ್ ಖರ್ಚು ಮಾಡಿ ಗಾಳಿಗೆ ಬಿಟ್ಟು, ಮತ್ತೆ ಯೂರಿಯಾ ಮೂಟೆ ತರೋದ್ರಲ್ಲಿ ನನಗಂತೂ ಅರ್ಥ ಕಾಣಲ್ಲ. ಹೊಲ ಕಮ್ಮಿ ಇದ್ದು ಹಸು ಜಾಸ್ತಿ ಇರೋರಿಗೆ ಮಾತ್ರ ಮುಂದಿನ ಮೂರು ಹಂತ.

## ಹಂತ 5: ಅಮೋನಿಯಾ ಇಳಿಸೋದು

ಇದು ಎರಡು ಬೇರೆ ಬೇರೆ ಕೆಲಸ. ಮೊದ್ಲು ಗಾಳಿ ಇರೋ ಕಡೆ ಒಂದು ಜಾತಿ ಬ್ಯಾಕ್ಟೀರಿಯಾ ಅಮೋನಿಯಾನ ನೈಟ್ರೇಟ್ ಮಾಡತ್ತೆ, ಆಮೇಲೆ ಗಾಳಿ ಇಲ್ಲದ ಕಡೆ ಇನ್ನೊಂದು ಜಾತಿ ಆ ನೈಟ್ರೇಟನ್ನ ಗ್ಯಾಸ್ ಮಾಡತ್ತೆ. ಬರೀ ಮೊದಲನೇದು ಮಾಡಿ ನಿಲ್ಲಿಸಿದ್ರೆ ಅಮೋನಿಯಾ ಹೋಗಿ ನೈಟ್ರೇಟ್ ಬಂತು, ಒಟ್ಟು ಸಾರಜನಕ ಹಂಗೇ ಇದೆ.

ಅಮೋನಿಯಾ ರೂಪದಲ್ಲಿರೋ 1 ಕೆಜಿ ಸಾರಜನಕ ನೈಟ್ರೇಟ್ ಆಗೋಕೆ ಸುಮಾರು 4.6 ಕೆಜಿ ಆಕ್ಸಿಜನ್ ಬೇಕು. ನಮ್ಮ ಉದಾಹರಣೆಯ 5 ಕೆಜಿನೂ ಅಮೋನಿಯಾ ಅಂದ್ಕೊಂಡ್ರೆ ದಿನಕ್ಕೆ 23 ಕೆಜಿ. ಏರೇಟರ್ (ನೀರಿಗೆ ಗಾಳಿ ಹಾಕೋ ಮಷೀನ್) ಒಂದು ಯೂನಿಟ್ ಕರೆಂಟಿಗೆ 1ರಿಂದ 2 ಕೆಜಿ ಆಕ್ಸಿಜನ್ ಕರಗಿಸತ್ತೆ ಅಂತ ಹಿಡಿದ್ರೂ 12ರಿಂದ 23 ಯೂನಿಟ್, ಬಿಒಡಿಗೆ ಹೋಗೋದು ಅದ್ರ ಮೇಲೆ. ಮೀನಿನ ತೊಟ್ಟಿ ಪಂಪ್ ಹಾಕಿ ಗುಳ್ಳೆ ಬರ್ತಿದೆ ಅಂತ ಖುಷಿ ಪಡೋರಿಗೆ ಈ ಲೆಕ್ಕ.

ಇನ್ನೊಂದು, ಅದೇ 1 ಕೆಜಿಗೆ 7 ಕೆಜಿ ಚಿಲ್ಲರೆ ಕ್ಷಾರತೆ ಖರ್ಚಾಗತ್ತೆ. ಕ್ಷಾರತೆ ಮುಗಿದ್ರೆ ಪಿಎಚ್ ಬಿದ್ದು ಬ್ಯಾಕ್ಟೀರಿಯಾ ಕೆಲಸ ನಿಲ್ಲಿಸತ್ತೆ. ಎರಡನೇ ಕೆಲಸ ಸರಿಯಾಗಿ ನಡೆದ್ರೆ ಅದ್ರಲ್ಲಿ ಅರ್ಧದಷ್ಟು ವಾಪಸ್ ಸಿಗತ್ತೆ. ಹಂಗಾಗಿ ಒಂದೇ ಟ್ಯಾಂಕಲ್ಲಿ ಕೆಲವು ಗಂಟೆ ಗಾಳಿ, ಕೆಲವು ಗಂಟೆ ಗಾಳಿ ಬಂದ್ ಮಾಡಿ ಬರೀ ನಿಧಾನ ಕಲಕೋದು, ಟೈಮರ್ ಹಾಕಿ ಹೀಗೆ ನಡೆಸೋದು ಚಿಕ್ಕ ಫಾರ್ಮಿಗೆ ಸಲೀಸು. ಗಾಳಿ ಹೊತ್ತಲ್ಲಿ ಕರಗಿರೋ ಆಕ್ಸಿಜನ್ ಲೀಟರಿಗೆ 2 ಮಿಲಿಗ್ರಾಂ ಆಸುಪಾಸು ಇರ್ಬೇಕು. ಬಂದ್ ಇರೋ ಹೊತ್ತಲ್ಲಿ ಬ್ಯಾಕ್ಟೀರಿಯಾಗೆ ತಿನ್ನೋಕೆ ಕಾರ್ಬನ್ ಬೇಕು, ಅದಕ್ಕೆ ಹೊಸ ಕೊಳೆ ನೀರು ಟ್ಯಾಂಕಿಗೆ ಬಿಡೋದು ಈ ಹೊತ್ತಲ್ಲೇ.

ಈ ಬ್ಯಾಕ್ಟೀರಿಯಾ ನಿಧಾನ ಬೆಳೆಯೋ ಜಾತಿ. ಮೊದಲ ಕೆಲವು ವಾರ ಏನೂ ಬದಲಾವಣೆ ಕಾಣಲ್ಲ, ತಾಳ್ಮೆ ಇರ್ಲಿ. ಹಂತ 3, 4 ಬಿಟ್ಟು ಹಸಿ ಬಗ್ಗಡಕ್ಕೆ ಗಾಳಿ ಹಾಕಿದ್ರಂತೂ ಬೇರೆ ಬ್ಯಾಕ್ಟೀರಿಯಾ ಆಕ್ಸಿಜನ್ ಎಲ್ಲಾ ನುಂಗಿ ಇವಕ್ಕೆ ಏನೂ ಉಳಿಸಲ್ಲ, ಕರೆಂಟ್ ಬಿಲ್ ಮಾತ್ರ ಉಳಿಯತ್ತೆ.

## ಹಂತ 6: ರಂಜಕ ಇಳಿಸೋದು

ಫಿಲ್ಟರ್ ಆಲಂ (ಅಲ್ಯೂಮಿನಿಯಂ ಸಲ್ಫೇಟ್), ಫೆರಿಕ್ ಕ್ಲೋರೈಡ್, ಸುಣ್ಣ ಈ ಮೂರರಲ್ಲಿ ಒಂದು ಹಾಕಿದ್ರೆ ಕರಗಿರೋ ರಂಜಕ ಗಟ್ಟಿಯಾಗಿ ತಳಕ್ಕೆ ಕೂರತ್ತೆ. ಶುರು ಮಾಡೋರಿಗೆ ಆಲಂ ಸುಲಭ. ಎಷ್ಟು ಹಾಕ್ಬೇಕು ಅಂತ ಯಾರನ್ನೂ ಕೇಳ್ಬೇಡಿ, ನಿಮ್ಮ ನೀರಿಗೆ ನೀವೇ ಬಾಟಲಿ ಟೆಸ್ಟ್ ಮಾಡಿ.

100 ಗ್ರಾಂ ಆಲಂ ನೀರಲ್ಲಿ ಕರಗಿಸಿ ಒಟ್ಟು 1 ಲೀಟರ್ ಮಾಡ್ಕೊಳ್ಳಿ, ಆಗ 10 ಎಂಎಲ್ ಅಂದ್ರೆ 1 ಗ್ರಾಂ. ಆರು ಬಾಟಲಿಲಿ ಮುಕ್ಕಾಲು ಲೀಟರ್ ಕೊಳೆ ನೀರು ತುಂಬಿ (ಬಾಯಿವರೆಗೆ ತುಂಬ್ಬೇಡಿ, ಯಾಕೆ ಅಂತ ಈಗ ಗೊತ್ತಾಗತ್ತೆ). ಮೊದಲನೇದಕ್ಕೆ ಏನೂ ಇಲ್ಲ, ಮಿಕ್ಕಿದ್ದಕ್ಕೆ 5, 10, 15, 20, 30 ಎಂಎಲ್. ಹಾಕಿದ ತಕ್ಷಣ ಬುಸ್ ಅಂತ ನೊರೆ ಏಳತ್ತೆ, ಅದು ಕಾರ್ಬನ್ ಡೈಆಕ್ಸೈಡ್, ದೊಡ್ಡ ಟ್ಯಾಂಕಲ್ಲೂ ಹೀಗೇ ಏಳೋದು, ಅಷ್ಟು ಜಾಗ ಬಿಟ್ಟಿರ್ಬೇಕು. 1 ನಿಮಿಷ ಜೋರಾಗಿ ಕಲಕಿ, ಆಮೇಲೆ 15 ನಿಮಿಷ ತುಂಬಾ ಮೆಲ್ಲಗೆ, ಆಮೇಲೆ 1 ಗಂಟೆ ಮುಟ್ಬೇಡಿ. ಡೋಸ್ ಕಮ್ಮಿ ಇರೋ ಬಾಟಲಿ ಹಂಗೇ ರಾಡಿ ಇರತ್ತೆ, ಸರಿಯಾದ ಡೋಸಿಗೆ ಬಂದಾಗ ಹಾಲು ಒಡೆದ ಹಾಗೆ ಚೂರುಚೂರು ಕೂಡ್ಕೊಂಡು ತಳಕ್ಕಿಳಿದು ಮೇಲೆ ಟೀ ಬಣ್ಣದ ತಿಳಿ ನಿಲ್ಲತ್ತೆ. ಆ ತಿಳಿ ನೀರಿನ ಪಿಎಚ್ ನೋಡಿ, 5.5ಕ್ಕಿಂತ ಕೆಳಗಿದ್ರೆ ಡೋಸ್ ಜಾಸ್ತಿ ಆಯ್ತು. ಚೆನ್ನಾಗಿ ಬಂದ ಎರಡು ಬಾಟಲಿ ತಿಳಿನ ಲ್ಯಾಬಿಗೆ ಕೊಟ್ಟು ರಂಜಕ ನೋಡ್ಸಿ, ಕಣ್ಣಿಗೆ ತಿಳಿ ಕಂಡ್ರೆ ರಂಜಕ ಹೋಯ್ತು ಅಂತಲ್ಲ.

ಅಂದಾಜಿಗೆ, ಲೀಟರಿಗೆ 100 ಮಿಲಿಗ್ರಾಂ ಕರಗಿದ ರಂಜಕ ಇದ್ರೆ ರಸಾಯನಶಾಸ್ತ್ರದ ಲೆಕ್ಕದಲ್ಲಿ 1 ಗ್ರಾಂ ಆಲಂ, ನಿಜವಾದ ಬಗ್ಗಡದಲ್ಲಿ ಅದ್ರ ಎರಡು ಪಟ್ಟು ಅಥವಾ ಇನ್ನೂ ಜಾಸ್ತಿ. 10,000 ಲೀಟರಿಗೆ ದಿನಾ 20 ಕೆಜಿ ಅಂದ್ರೆ ಖರ್ಚು ನೀವೇ ನೋಡಿ. ಒಣ ಗುಡಿಸೋಕೆ ಯಾಕೆ ಅಷ್ಟು ಬಡ್ಕೊಂಡೆ ಅಂತ ಈಗ ಗೊತ್ತಾಯ್ತಲ್ಲ.

ಆಲಂನ ಬಯೋಗ್ಯಾಸ್ ಪ್ಲಾಂಟಿಗೆ ಮುಂಚೆ ಹಾಕ್ಬೇಡಿ, ಅದ್ರಲ್ಲಿರೋ ಸಲ್ಫೇಟ್ ಒಳಗೆ ಹೈಡ್ರೋಜನ್ ಸಲ್ಫೈಡ್ ಆಗತ್ತೆ. ಕೆಳಗೆ ಕೂತ ಗಸಿ ತೆಗೆದು ಒಣಗಿಸಿ ದೂರದ ಹೊಲಕ್ಕೆ ಕಳಿಸಿ. ಅದೇ ಹೊಂಡಕ್ಕೆ ವಾಪಸ್ ಸುರಿಯೋರನ್ನ ನೋಡಿದೀನಿ.

## ಹಂತ 7: ಜೊಂಡಿನ ಕೆರೆ

ಜೊಂಡು, ಆಪಿನಂಥ ನೀರಿನ ಗಿಡ ನೆಟ್ಟ, ಆಳ ಕಮ್ಮಿ ಇರೋ ಕೆರೇಲಿ ನೀರನ್ನ ನಿಧಾನ ಹರಿಸೋದು, ಇದು ಕೊನೇ ಪಾಲಿಶ್ ಮಾತ್ರ. ನಾನು ಮೊದಲನೇ ಸಲ ಮಾಡ್ದಾಗ ಹೊಂಡದ ನೀರನ್ನ ಸೀದಾ ಬಿಟ್ಟೆ, ಆಪು ಹುಲ್ಲು ತುದಿಯಿಂದ ಹಳದಿ ಆಗ್ತಾ ಬಂದು ಮೂರನೇ ವಾರಕ್ಕೆ ಬುಡ ಎಳೆದ್ರೆ ಕೈಗೇ ಬರ್ತಿತ್ತು, ಬೇರು ಕಪ್ಪಾಗಿ ಕೊಳೆತಿತ್ತು. ಅಮೋನಿಯಾ ಲೀಟರಿಗೆ 200 ಮಿಲಿಗ್ರಾಂ ದಾಟಿದ್ರೆ ಆಪು ಬದುಕೋದು ಕಷ್ಟ, 100ರ ಒಳಗೆ ತಂದೇ ಬಿಡಿ.

ತಳಕ್ಕೆ ಜೇಡಿ ಇಲ್ಲಾ ಶೀಟ್, ಅಡ್ಡಡ್ಡ ಪೂರ್ತಿ ಮಟ್ಟ. ಒಂದು ಮೂಲೆ ತಗ್ಗಿದ್ರೂ ನೀರು ಅದೇ ದಾರಿ ಹಿಡಿದು ಓಡತ್ತೆ, ಮಿಕ್ಕ ಜಾಗ ದಂಡ. ನೀರು 15ರಿಂದ 30 ಸೆಂಮೀ, ಒಳಗೆ 7ರಿಂದ 14 ದಿನ ಉಳೀಬೇಕು. ನೆಟ್ಟ ಹೊಸದ್ರಲ್ಲಿ ಒಳ್ಳೇ ನೀರಲ್ಲಿ ಬೇರು ಬಿಡೋಕೆ ಬಿಟ್ಟು, ಕೊಳೆ ನೀರು ಮೆಲ್ಲಗೆ ಸೇರಿಸ್ತಾ ಬನ್ನಿ. ರಂಜಕಕ್ಕೆ ಇದನ್ನೇ ನೆಚ್ಕೋಬೇಡಿ, ಮಣ್ಣು ಹಿಡಿಯೋಷ್ಟು ಹಿಡಿದು ಕೆಲವು ವರ್ಷಕ್ಕೆ ಭರ್ತಿ ಆಗತ್ತೆ.

## ಹಂತ 8: ಹೊಲಕ್ಕೆ ಬಿಡೋದು

ಉದಾಹರಣೆ ಫಾರ್ಮಿಗೆ ವರ್ಷಕ್ಕೆ 1,825 ಕೆಜಿ ಸಾರಜನಕ, 365 ಕೆಜಿ ರಂಜಕ. ಮೇವಿನ ಬೆಳೆ ಹೆಕ್ಟೇರಿಗೆ ವರ್ಷಕ್ಕೆ 200 ಕೆಜಿ ಸಾರಜನಕ, 30 ಕೆಜಿ ರಂಜಕ ಎತ್ಕೊಳ್ಳತ್ತೆ ಅಂದ್ಕೊಳ್ಳಿ. ಸಾರಜನಕದ ಲೆಕ್ಕಕ್ಕೆ ಸುಮಾರು 9 ಹೆಕ್ಟೇರ್ ಸಾಕು, ರಂಜಕದ ಲೆಕ್ಕಕ್ಕೆ ಸುಮಾರು 12 ಬೇಕು. 9 ಹೆಕ್ಟೇರಿಗೇ ಬಿಡ್ತಾ ಹೋದ್ರೆ ಪ್ರತಿ ವರ್ಷ ಮಣ್ಣಲ್ಲಿ ರಂಜಕ ಏರತ್ತೆ, ಬೆಳೆ ಚೆನ್ನಾಗೇ ಇರತ್ತೆ, ಯಾರಿಗೂ ಗೊತ್ತಾಗಲ್ಲ, ಒಂದಿನ ಪಕ್ಕದ ಕೆರೆ ಹಸಿರಾಗತ್ತೆ. ಅದಕ್ಕೆ ದೊಡ್ಡ ನಂಬರನ್ನೇ ಹಿಡೀರಿ, ಮಣ್ಣು ಪರೀಕ್ಷೆ ಮಾಡಿಸಿ, ನೀರಿನ ಜೊತೆ ಬಂದಷ್ಟು ಗೊಬ್ಬರ ಮೂಟೆ ಕಮ್ಮಿ ಮಾಡಿ. ಇದನ್ನ ಮಾಡದೆ ಎರಡೂ ಹಾಕೋದೇ ಎಲ್ಲಕ್ಕಿಂತ ಹೆಚ್ಚು ನೋಡೋ ತಪ್ಪು.

ಒಂದು ಸಲಕ್ಕೆ ಎಷ್ಟು? 1 ಹೆಕ್ಟೇರಿಗೆ 10,000 ಲೀಟರ್ ಅಂದ್ರೆ 1 ಮಿಮೀ ಮಳೆ. ಒಂದೇ ದಿನ 50 ಮಿಮೀ ತುಂಬಿಸೋದಕ್ಕಿಂತ 10 ಮಿಮೀ ಹಾಗೆ ಐದು ಸಲ ಬಿಡೋದು ಮೇಲು. ಮಣ್ಣು ಮುಷ್ಟೀಲಿ ಹಿಡಿದ್ರೆ ನೀರು ಜಿನುಗ್ತಿದ್ಯಾ, ಅವತ್ತು ಬೇಡ. ಮಳೆ ಬರೋ ಹಾಗಿದ್ರೂ ಬೇಡ. ಬೆಳೆ ಇಲ್ಲದ ಹೊಲಕ್ಕೆ ಬೇಡ. ಬಾವಿ, ಹಳ್ಳದ ಅಂಚಿಂದ ಎಷ್ಟು ದೂರ ಇರ್ಬೇಕು ಅಂತ ನಿಮ್ಮ ಕಡೆ ಕಾನೂನು ಹೇಳತ್ತೆ, ಅದನ್ನ ಮೊದ್ಲೇ ಕೇಳ್ಕೊಳ್ಳಿ. ಇಸಿ ಏರ್ತಿದ್ರೆ ಉಪ್ಪು ಕೂಡ ಸೇರ್ತಿದೆ ಅಂತ.

## ಕಣ್ಣು, ಮೂಗಿಗೆ ಸಿಗೋ ಸೂಚನೆಗಳು

ಗಾಳಿ ಇಲ್ಲದ ಹೊಂಡ ಗುಲಾಬಿ-ನೇರಳೆ ಬಣ್ಣಕ್ಕೆ ತಿರುಗಿದ್ರೆ ಹೆದರಬೇಡಿ, ಅದು ಸಲ್ಫೈಡ್ ತಿನ್ನೋ ಬ್ಯಾಕ್ಟೀರಿಯಾ, ಒಳ್ಳೇ ಲಕ್ಷಣ. ಗುಳ್ಳೆ ನಿಂತು, ಮೂಗಿಗೆ ಹೊಡೆಯೋ ಹುಳಿ ವಾಸನೆ ಬಂದು ಪಿಎಚ್ 6.5ಕ್ಕಿಂತ ಇಳಿದ್ರೆ ಲೋಡ್ ಜಾಸ್ತಿ ಆಗಿದೆ, ಹೊಸ ಬಗ್ಗಡ ನಿಲ್ಲಿಸಿ.

ಪಂಪ್, ಪೈಪ್ ಬೆಂಡ್ ಒಳಗೆ ಬಿಳಿ ಕಲ್ಲಿನ ಪದರ ಕಟ್ಟಿದ್ರೆ ಅದು ಸ್ಟ್ರುವೈಟ್, ಮೆಗ್ನೀಷಿಯಂ, ಅಮೋನಿಯಾ, ರಂಜಕ ಮೂರೂ ಸೇರಿ ಆಗೋ ಕಲ್ಲು. ಸುತ್ತಿಗೇಲಿ ಬಡಿದು ಪೈಪ್ ಒಡೀಬೇಡಿ, ಪೈಪ್ ಬಿಚ್ಚಿ ಬಯಲಲ್ಲಿ ಇಟ್ಟು ತೆಳು ಆಸಿಡಲ್ಲಿ ನೆನೆಸಿದ್ರೆ ಕರಗತ್ತೆ. ಹೊರಗೆ ಹೋಗೋ ಕಾಲುವೆ ಕಲ್ಲುಗಳ ಮೇಲೆ ಬೂದು ಹತ್ತಿ ತರ ಲೋಳೆ ಹಬ್ಬಿದ್ರೆ ಎಲ್ಲೋ ಕೊಳೆ ಸೋರ್ತಿದೆ, ಮೇಲ್ಗಡೆ ಹುಡುಕ್ತಾ ಹೋಗಿ. ಬಾವಿ ನೀರನ್ನ ವರ್ಷಕ್ಕೆ ಎರಡು ಸಲನಾದ್ರೂ ನೈಟ್ರೇಟ್ ಟೆಸ್ಟ್ ಮಾಡ್ಸಿ, ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಮಿತಿ ಲೀಟರಿಗೆ 50 ಮಿಲಿಗ್ರಾಂ, ಅದನ್ನ ದಾಟಿದ ನೀರು ಬಾಟಲಿ ಹಾಲು ಕುಡಿಯೋ ಮಗುವಿಗೆ ಅಪಾಯ, ಕುದಿಸಿದ್ರೆ ನೈಟ್ರೇಟ್ ಹೋಗಲ್ಲ, ನೀರು ಆವಿ ಆಗಿ ಇನ್ನೂ ಗಟ್ಟಿ ಆಗತ್ತೆ.

ಹೂಳು ಅಳೆಯೋಕೆ ಉದ್ದನೆ ಕೋಲಿಗೆ ಬಿಳಿ ಟವೆಲ್ ಸುತ್ತಿ, ದಡದಲ್ಲಿ ನಿಂತು ತಳಕ್ಕೆ ಮುಟ್ಟೋವರೆಗೆ ಬಿಟ್ಟು ಒಂದು ನಿಮಿಷ ಬಿಟ್ಟು ಮೆಲ್ಲಗೆ ಎತ್ತಿ. ಕಪ್ಪು ಹತ್ತಿರೋಷ್ಟು ಹೂಳು. ಹೊಂಡದ ಆಳದ ಮೂರರಲ್ಲೊಂದು ಭಾಗ ಕಪ್ಪು ಬಂದ್ರೆ ಅವತ್ತೇ ಹೂಳೆತ್ತೋರಿಗೆ ಫೋನ್ ಮಾಡಿ, ರಂಜಕದ ದೊಡ್ಡ ಗಂಟು ಇರೋದು ಅದ್ರಲ್ಲೇ, ಅದು ಮೇಲೆದ್ದು ಹೊರಗಿನ ಪೈಪಿಗೆ ಬಂದ್ರೆ ಇಷ್ಟು ದಿನ ತಳದಲ್ಲಿ ಕೂರ್ಸಿದ್ದೆಲ್ಲ ನೀರಿಗೇ ವಾಪಸ್.